ಮೂರನೆಯ ಕಂಬದ ಬುಡ

ಸೇತುವೆಯ ಮೂರನೆಯ ಕಂಬದ ಬುಡದಲ್ಲಿ ಪ್ರವಾಹ ಕೊರೆದ ಹೊಂಡದಲ್ಲಿ ನನ್ನ ತಮ್ಮ ಮುಳುಗಿ ತಿಂಗಳಾಗಿತ್ತು, ಹೆಣ ಸಿಕ್ಕಿರಲಿಲ್ಲ. ನದಿಯ ಆಳ ಅಳೆಯುವುದು ನಮ್ಮಿಬ್ಬರ ಕೆಲಸ. ನೀರಿನ ಸದ್ದಿಗೆ ಕೂಗು ಕೇಳಿಸದು. ಸೀಸದ ಗುಂಡು ತಳ ಮುಟ್ಟಿದೊಡನೆ ಅವನು ದೋಣಿಯಿಂದ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ, ಸೇತುವೆಯ ಮೇಲೆ ನಾನು ಬರೆದುಕೊಳ್ಳುತ್ತಿದ್ದೆ.

“ನೆರೆ ಇಳೀತಾ ಇದೆ ಅಜ್ಜಾ, ಹೊಂಡಕ್ಕೆ ಮರಳು ತುಂಬುತ್ತೆ. ಇನ್ನು ಹುಡುಕಬೇಡಿ,” ಎಂದ ಎಂಜಿನಿಯರ್.

“ದೇವರು ಹೇಳಿದ್ರೆ ಬಿಡ್ತೀನಿ. ನೀನ್ಯಾರಪ್ಪಾ ಹೇಳೋಕೆ?” ಎಂದು ಗುಂಡು ಇಳಿಬಿಟ್ಟೆ.

ಕೆಳಗೆ ದೋಣಿಯಿರಲಿಲ್ಲ. ಹಗ್ಗವನ್ನು ಯಾರೋ ಎರಡು ಸಲ ಜಗ್ಗಿದರು. ಮೇಲೆತ್ತಿದರೆ, ಮೈ ಕೊರೆಯುವಷ್ಟು ತಣ್ಣಗಿದ್ದ ಆ ನೀರಿನಿಂದ ಬಂದ ಗುಂಡು ಬೆಚ್ಚಗಿತ್ತು. ಆಳ ಬರೆದುಕೊಂಡೆ. ದಿನವೂ ಹೋಗುತ್ತೇನೆ.

ಈಗ ಉಳಿದ ಕಂಬಗಳ ಹೊಂಡಗಳೆಲ್ಲ ತುಂಬಿವೆ. ಮೂರನೆಯದರ ಬುಡದಲ್ಲಿ ಒಂದು ಹಿಡಿ ಮರಳೂ ನಿಂತಿಲ್ಲ.