ಹೊರಗಿನ ದನಿ ಎಷ್ಟು ಕೇಳಿಸಿತು?

ಐವತ್ತೆರಡನೆಯ ನಿಮಿಷದಲ್ಲಿ ಯಾರೋ ಅವಳ ತಲೆಯಿಂದ ಹೆಡ್‌ಫೋನನ್ನು ಮೆಲ್ಲಗೆ ಎತ್ತಿದರು.

ಕೊಳಲಿನ ನಾದ ದೂರವಾಗಿ, ಫ್ಯಾನಿನ ಸದ್ದು ಒಳಗೆ ಬಂತು. ಅವಳು ಕಣ್ಣು ಬಿಟ್ಟಳು. ಎದುರಿಗೆ ಎತ್ತರದ ಅಪರಿಚಿತ, ಮುಖದ ತುಂಬ ಗಾಬರಿ.

"ಕಿವಿ ಕೆಂಪಾಗಿಬಿಟ್ಟಿದೆ ನಿಮ್ದು. ಎರಡು ಸಲ ಕರೆದೆ, ಅಲುಗಾಡಲೇ ಇಲ್ಲ... ಹೆದರಿಕೆ ಆಯ್ತು."

"ಇನ್ನು ಎಂಟೇ ನಿಮಿಷ ಇತ್ತು," ಅಂದಳು ಅವಳು. "ಒಂದು ಗಂಟೆ ಪೂರ್ತಿ ಹಾಕ್ಕೊಂಡ್ರೇನೇ ಎಲ್ಲಿ ಒತ್ತುತ್ತೆ ಅಂತ ಗೊತ್ತಾಗೋದು. ಈಗ ಮೊದಲಿಂದ ಶುರು ಮಾಡ್ಬೇಕು."

ಅವಳ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ಗಾಬರಿಯೆಲ್ಲ ತನಗಾಗಿ ಅನ್ನಿಸಿ, ಅವತ್ತು ಅದು ಅರ್ಧಕ್ಕೇ ನಿಂತಿತು. ಕಿವಿಯ ಜೊತೆ ಕೆನ್ನೆಯೂ ಕೆಂಪಾಗಿತ್ತು. ಕೇಳಿದರೆ ಅವಳು ಒಪ್ಪುತ್ತಿರಲಿಲ್ಲ ಬಿಡಿ.

ಅದೊಂದು ಸಣ್ಣ ಪತ್ರಿಕೆ. ಕಡಿಮೆ ಬೆಲೆಯ ಸಾಮಾನುಗಳನ್ನು ಬಳಸಿ ನೋಡಿ, ಕೊಳ್ಳುವವರಿಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅದರ ಕೆಲಸ. ಕಿವಿಯನ್ನು ಪೂರ್ತಿ ಮುಚ್ಚುವ ಅಗ್ಗದ ಹೆಡ್‌ಫೋನುಗಳು ಅವಳ ಪಾಲಿಗೆ ಬಂದಿದ್ದವು. ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಕಿವಿ ಮೇಡಂ' ಅನ್ನುತ್ತಿದ್ದರು.

ಒಂದೇ ಕೋಣೆಯ ಮನೆಯಲ್ಲಿ, ಮೂವರು ಅಣ್ಣಂದಿರ ಗಲಾಟೆಯ ನಡುವೆ ಬೆಳೆದವಳು ಅವಳು. ಹದಿನಾರರಲ್ಲಿ ಅಮ್ಮ ತಂದುಕೊಟ್ಟ ಅಗ್ಗದ ಹೆಡ್‌ಫೋನ್ ಹಾಕಿಕೊಂಡ ದಿನ ಮನೆಯ ಸದ್ದೆಲ್ಲ ದೂರ ಸರಿದು, ತನಗೇ ಅಂತ ಒಂದು ಕೋಣೆ ಸಿಕ್ಕ ಹಾಗಾಗಿತ್ತು. ಅಂಥದ್ದೇ ಕೋಣೆಗಾಗಿ ಹಂಬಲಿಸುವ ಯಾವುದೋ ಹುಡುಗಿ ಎಲ್ಲೋ ಕೂತು ತನ್ನ ವರದಿ ಓದುತ್ತಾಳೆ ಎಂದು ಅವಳು ನಂಬಿದ್ದಳು. ಹಾಗಾಗಿ ಒಂದೇ ಒಂದು ಅಂಕವನ್ನೂ ಅವಳು ಸುಳ್ಳು ಬರೆದವಳಲ್ಲ.

ಅವತ್ತು ಹೆಡ್‌ಫೋನ್ ಎತ್ತಿದ ಆ ಹೊಸಬನ ಕೆಲಸ ಅವಳೆದುರು ಕೂತು ಓದುವುದು. ಅವಳು ಹೆಡ್‌ಫೋನಿನಲ್ಲಿ ಹಾಡನ್ನು ಸಣ್ಣಗೆ ಹಾಕಿಕೊಳ್ಳಬೇಕು. ನಾಲ್ಕು ಅಡಿ ದೂರದಲ್ಲಿ ಅವನು, ತಾನೇ ಬರೆದು ತಂದ ಚೀಟಿಯನ್ನು ಮೂರು ನಿಮಿಷ ಓದಬೇಕು. ಏನಾದರೂ ಕಿವಿಗೆ ಬಿದ್ದರೆ ಅವಳು ಅದನ್ನು 'ಹೊರಗಿನ ದನಿ ಎಷ್ಟು ಕೇಳಿಸಿತು?' ಎಂಬ ಖಾನೆಯಲ್ಲಿ ಬರೆದುಕೊಳ್ಳಬೇಕು.

ಒಂದು ದಿನ ಅವನ ಚೀಟಿಯಲ್ಲಿ ಬಸ್ಸಿನಲ್ಲಿ ಮರೆತುಹೋದ ಕೊಡೆಯ ಅಳಲು, ಮತ್ತೊಂದು ದಿನ ಮೂರನೇ ಮಹಡಿಯಲ್ಲಿ ತೂಕಡಿಸುವ ಲಿಫ್ಟಿನ ಕನಸು. ಕೊಳಲಿನ ಆಚೆಯಿಂದ ಅವನ ದಪ್ಪ ದನಿ ತುಣುಕು ತುಣುಕಾಗಿ ತೇಲಿ ಬರುತ್ತಿತ್ತು. 'ಇವತ್ತಿನ ಹೆಡ್‌ಫೋನ್ ಸ್ವಲ್ಪ ಕಳಪೆ ಆಗಿರಲಪ್ಪ...' ಎಂದು ಮನಸ್ಸು ಬೇಡಿಕೊಂಡಾಗ ಅವಳಿಗೇ ನಾಚಿಕೆಯಾಯಿತು. ಹೀಗೇ ಮೂರು ತಿಂಗಳು ಕಳೆಯಿತು.

ಆಮೇಲೆ ಬಂತು ಆ ಮಧ್ಯಾಹ್ನ.

ಅವಳು ಊಟ ಮುಗಿಸಿ ಬಂದಾಗ ಅವನು ಐದು ದಪ್ಪ ಪುಸ್ತಕಗಳನ್ನು ಒಟ್ಟಿಗೆ ಒತ್ತಿಟ್ಟು, ಅವುಗಳ ಮೇಲೆ ಒಂದು ಕಪ್ಪು ಹೆಡ್‌ಫೋನನ್ನು ಎಳೆದು ಸಿಕ್ಕಿಸುತ್ತಿದ್ದ. ಹಾಗೆ ಇಟ್ಟರೆ ಬಿಗಿ ಸಡಿಲವಾಗುತ್ತದೆ ಎಂಬುದು ಅವಳಿಗೆ ಗೊತ್ತು. ನಾಳೆ ಪರೀಕ್ಷೆಗೆ ಬರಬೇಕಾದದ್ದೂ ಕಪ್ಪು ಹೆಡ್‌ಫೋನೇ. ಯಾವುದೋ ಕಂಪನಿಯ ಮಾಲನ್ನು ಪಾಸು ಮಾಡಿಸಲು ಇವನು...

ಅವಳು ಅವನನ್ನು ಏನೂ ಕೇಳಲಿಲ್ಲ. ನೇರ ಸಂಪಾದಕರ ಬಳಿ ಹೋಗಿ, ಕಂಡದ್ದನ್ನು ಹೇಳಿ, ಇವರ ಜೊತೆ ಇನ್ನು ಕೆಲಸ ಮಾಡಲಾರೆ ಅಂದಳು. ಸಂಪಾದಕರು ಕರೆದು ವಿಚಾರಿಸಿದರೆ ಅವನೂ ತುಟಿಪಿಟಕ್ಕೆನ್ನಲಿಲ್ಲ. ಸೋಮವಾರದಿಂದ ಅವನನ್ನು ಇಸ್ತ್ರಿಪೆಟ್ಟಿಗೆ ಪರೀಕ್ಷಿಸುವ ಕೋಣೆಗೆ ಹಾಕಿದರು.

ಶುಕ್ರವಾರ ಅವನ ಜೊತೆ ಕೊನೆಯ ಪರೀಕ್ಷೆ. ಅವಳು ಹೆಡ್‌ಫೋನ್ ಹಾಕಿಕೊಂಡು ಮೇಜನ್ನೇ ನೋಡುತ್ತ ಕೂತಳು. ಮೆತ್ತೆ ತೆಳುವಾಗಿತ್ತು. ಅವಳ ಕನ್ನಡಕದ ಕಡ್ಡಿ ಹಾದುಹೋಗುವಲ್ಲಿ ಸಣ್ಣ ಸಂದಿ ಉಳಿದಿತ್ತು.

"ಕೇಳಿಸ್ತಿದೆಯಾ?"

ಸ್ಪಷ್ಟವಾಗಿ ಕೇಳಿಸಿತು. ಸಿಟ್ಟಿಗೆ ಅವಳು ತಲೆ ಎತ್ತಲಿಲ್ಲ, ಪೆನ್ಸಿಲ್ಲನ್ನೂ ಮುಟ್ಟಲಿಲ್ಲ. ಅವನು ಉಸಿರು ಬಿಟ್ಟು ಚೀಟಿಯನ್ನು ಜೇಬಿಗೆ ಹಾಕಿಕೊಂಡ.

"ಕೇಳಿಸ್ತಿಲ್ಲ. ಒಳ್ಳೇದೇ ಆಯ್ತು. ಪುಸ್ತಕದ ಮೇಲಿದ್ದದ್ದು ಟೆಸ್ಟಿಗೆ ಬಂದದ್ದಲ್ಲ ರೀ, ನಿಮ್ದೇ. ಹೋಲಿಸಿ ನೋಡೋಕೆ ಅಂತ ದಿನಾ ಹಾಕ್ಕೊಳ್ತೀರಲ್ಲ, ಆ ಹೊಸದು. ನಾಲ್ಕು ಗಂಟೆಗೆ ಸರಿಯಾಗಿ ಕನ್ನಡಕ ತೆಗೆದು ಕಿವಿ ಹಿಂದೆ ಉಜ್ಜಿಕೊಳ್ತಿದ್ರಿ. ನೋಡೋಕೆ ಆಗ್ತಿರ್ಲಿಲ್ಲ ನಂಗೆ. ನಿಮ್ಮ ತಲೆ ಅಳತೆಗೆ ನಾಲ್ಕು ಪುಸ್ತಕ ಸಾಲ್ಲಿಲ್ಲ, ಐದು ಇಟ್ಟೆ. ಅವರ ತಲೆ ಅಳತೆ ನಿಮಗೆ ಹೇಗಪ್ಪ ಗೊತ್ತು ಅಂತ ಸಂಪಾದಕರು ಕೇಳಿದ್ರೆ ಏನು ಹೇಳ್ಲಿ? ಮೂರು ತಿಂಗಳಿಂದ ಅವರನ್ನೇ ನೋಡ್ತಾ ಕೂತಿದೀನಿ ಅಂತಲಾ?"

ಅವಳ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಮೂರು ದಿನದಿಂದ ಅಲ್ಲಿ ನೋವಿಲ್ಲ... ತನಗೆ ಅದು ಗಮನಕ್ಕೂ ಬಂದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅಮ್ಮ ಹೇಳುತ್ತಲೇ ಇರುತ್ತಿದ್ದಳು. ಎಲ್ಲವನ್ನೂ ಒಂದು ಗಂಟೆ ಹಾಕಿ ನೋಡುವ ತಾನು, ಈ ಮನುಷ್ಯನಿಗೆ ಒಂದು ನಿಮಿಷ ಕೊಡಲಿಲ್ಲ.

"ಇಸ್ತ್ರಿಪೆಟ್ಟಿಗೆ ಮುಂದೆ ಓದೋದೇನೂ ಇರಲ್ಲ," ಅವನ ದನಿ ಇನ್ನೂ ಮೆತ್ತಗಾಯಿತು. "ಆ ಚೀಟಿಗಳನ್ನೆಲ್ಲ ನಿಮಗೋಸ್ಕರಾನೇ ಬರೀತಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಗಡಿಯಾರ ಟಿಣ್ ಎಂದಿತು. ಮೂರು ನಿಮಿಷ ಮುಗಿದಿತ್ತು.

ಖಾನೆ ಖಾಲಿಯಾಗಿ ಅವಳನ್ನೇ ನೋಡುತ್ತಿತ್ತು. 'ಏನೂ ಕೇಳಿಸಲಿಲ್ಲ' ಎಂದು ಬರೆದರೆ ಅವನ ಮಾನವೂ ಉಳಿಯುತ್ತದೆ, ತನ್ನದೂ. ಆದರೆ ಅದನ್ನು ನಂಬಿ ಕೊಳ್ಳುವ ಆ ಹುಡುಗಿ? ಮತ್ತೆ ಸೋಮವಾರ, ಎದುರಿನ ಈ ಕುರ್ಚಿ?

ಅವಳು ಬರೆಯತೊಡಗಿದಳು. ಖಾನೆ ತುಂಬಿ, ಅಕ್ಷರಗಳು ಅಂಚಿಗೆ ಹರಿದವು. ಬರೆದು ಮುಗಿಸಿ ಹಾಳೆಯನ್ನು ಅವನತ್ತ ತಿರುಗಿಸಿದಳು.

'ಎಲ್ಲವೂ ಕೇಳಿಸಿತು' ಎಂದು ಮೇಲೆ ಬರೆದಿತ್ತು. ಕೆಳಗೆ ಪುಸ್ತಕ, ನಾಲ್ಕು ಗಂಟೆ, ತಲೆಯ ಅಳತೆ, ಸಾಲು ಸಾಲಾಗಿ ಅವನದೇ ಮಾತುಗಳು.

"ಕಿವಿ ಕೆಂಪಾಗಿಬಿಟ್ಟಿದೆ ನಿಮ್ದು," ಅಂದಳು ಅವಳು.

ಅವನು ತಲೆ ಎತ್ತಲಾರದೆ ಕೇಳಿದ, "ಈ ಹಾಳೆ ಸಂಪಾದಕರಿಗೂ ಹೋಗುತ್ತಾ?"

"ನಾನೇ ತಗೊಂಡು ಹೋಗ್ತೀನಿ. ತಪ್ಪು ನಂದು, ನೀವು ಇಲ್ಲೇ ಇರ್ಬೇಕು ಅಂತಾನೂ ಹೇಳ್ತೀನಿ. ಕೇಳದೆ ದೂರಿಬಿಟ್ಟೆ... ಕ್ಷಮಿಸಿ."

ಅವನು ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದ. ಏನನ್ನೋ ಹುಡುಕುತ್ತಿದ್ದ.

"ಕೊನೇ ಮಾತು ಇದರಲ್ಲಿಲ್ಲ. ಅದು ಕೇಳಿಸ್ಲಿಲ್ವಾ?"

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಕೇಳಿಸ್ತು. ಅದು ಪತ್ರಿಕೆಗಲ್ಲ, ನಂಗೆ," ಅಂದಳು. "ಇನ್ನೊಂದ್ಸಲ ಹೇಳಿ."