ಬೈಗುಳದ ಸುತ್ತು

ಖಾಸೀಮ ಸಾಹೇಬರು ಹುಣಸೆಬೀಜದಷ್ಟು ದೊಡ್ಡ ಬಿಲ್ಲೆಯನ್ನು ಕಿವಿಯ ಹಿಂದೆ ಅಂಟಿಸಿಕೊಂಡು ಕಣ್ಣು ಮುಚ್ಚಿದರು. ಹುಬ್ಬಳ್ಳಿಯ ‘ಕೇಳುಗರ ಕಟ್ಟೆ’ಯ ಸ್ಪೀಕರಿನಿಂದ, ಜಪಾನಿನ ಯಾರೋ ಪುಣ್ಯಾತ್ಮ ತಗಡು ಹರಿದು ಗಾಜು ಉಜ್ಜಿ ಮಾಡಿದ ಗದ್ದಲ ಸಂಗೀತ ಹೊರಬಿತ್ತು. ಮೊದಮೊದಲು ಸಾಹೇಬರ ಮುಖ ಹಸಿ ಹಾಗಲಕಾಯಿ ಕಚ್ಚಿದಂತಿತ್ತು. ಆಮೇಲೆ ಹುಬ್ಬು ಸಡಿಲವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಆ ಸಂಗೀತದಲ್ಲಿ ತಾಳವೆಂಬುದೇ ಇರದಿದ್ದರೂ.

“ಯಾ ಅಲ್ಲಾ! ಇಷ್ಟು ವರ್ಷ ಇದನ್ನ ಬಿಟ್ಟು ನಾ ಏನು ಕೇಳ್ಕೋತ ಕುಂತಿದ್ದೆ?”

“ನನ್ನ ಮಾತು,” ಎಂದರು ಪ್ರಭುಲಿಂಗಪ್ಪ. ಕಟ್ಟೆಯೆಲ್ಲ ನಕ್ಕಿತು.

ಪ್ರಭುಲಿಂಗಪ್ಪ ಸ್ಪೀಕರ್ ರಿಪೇರಿ ಮಾಡಿ ಬದುಕಿದವರು. ಹರೆಯದಲ್ಲಿ ತಮ್ಮ ಅಂಗಡಿಯಲ್ಲೇ ಈ ಕಟ್ಟೆ ಶುರು ಮಾಡಿದ್ದರು. ಭಾನುವಾರ ಬೆಳಿಗ್ಗೆ ಗಿರಮಿಟ್ಟು, ಚಹಾ, ಮತ್ತು ಜಗತ್ತಿನ ಯಾವುದೋ ಮೂಲೆಯ, ಯಾರೂ ಕೇಳಿರದ ಸಂಗೀತ. ಮಂಗೋಲಿಯಾದ ಗಂಟಲ ಹಾಡು ಬಂದಿತ್ತು. ಹಿಮಗಡ್ಡೆ ಬಿರಿಯುವ ಸದ್ದಿಗೆ ಪಿಟೀಲು ಕೂಡಿಸಿದ್ದೂ ಬಂದಿತ್ತು. ನಿಯಮ ಒಂದೇ. ಪ್ರತಿಯೊಂದನ್ನೂ ಮೂರು ಸಲ ಕೇಳಬೇಕು, ಮೊದಲ ಸಲ ಕೇಳಿದ ಮೇಲೆ ಎಲ್ಲರೂ ಮನಸಾರೆ ಬೈಯಬೇಕು. ಅದಕ್ಕೆ ಬೈಗುಳದ ಸುತ್ತು ಎಂದೇ ಹೆಸರು. “ನೀರು ಹಾಕದ ಮಿಕ್ಸರ್!” “ಗ್ಯಾರೇಜಿನಾಗ ಕೋಣ ಹೊಕ್ಕಂಗ ಐತಿ!” ಹೀಗೆ ಬೈದವರೇ ಮೂರನೆಯ ಸಲ ಸುಮ್ಮನಾಗಿ, “ಇನ್ನೊಮ್ಮೆ ಹಾಕ್ರಿ” ಅನ್ನುತ್ತಿದ್ದರು. ಕೆಲವರು ಮೂರನೆಯ ಸಲವೂ ಬೈದು ಎದ್ದು ಹೋಗುತ್ತಿದ್ದರು. ಅದಕ್ಕೂ ಯಾರ ತಕರಾರೂ ಇರಲಿಲ್ಲ.

ಆ ಬಿಲ್ಲೆಯನ್ನು ಕಂಡುಹಿಡಿದವಳು ಪ್ರಭುಲಿಂಗಪ್ಪನವರ ಅಕ್ಕನ ಮಗಳು, ಮಿದುಳುವಿಜ್ಞಾನಿ ಇಂಚರಾ. ಅವಳು ಬೆಳೆದದ್ದೇ ಆ ಕಟ್ಟೆಯಲ್ಲಿ. ಬಿಲ್ಲೆಗೆ ‘ಒಗ್ಗು’ ಎಂದು ಹೆಸರಿಟ್ಟಿದ್ದಳು.

“ಮಿದುಳು ಸುಮ್ನ ಕೇಳೂದಿಲ್ಲ ಮಾಮಾ, ಮುಂದಿನ ಸದ್ದು ಯಾವುದು ಅಂತ ಊಹೆ ಮಾಡತೈತಿ,” ಎಂದು ಅವಳು ಮೊದಲ ದಿನವೇ ವಿವರಿಸಿದ್ದಳು. “ಊಹೆ ತಪ್ಪಿತು ಅಂದ್ರ ಒಳಗೊಂದು ಧಕ್ಕೆ. ಅದೇ ನಮಗ ಕಿರಿಕಿರಿ. ಒಗ್ಗು ಸಣ್ಣ ವಿದ್ಯುತ್ತು ಕೊಟ್ಟು ಆ ಧಕ್ಕೆಯನ್ನ ಸುಖ ಮಾಡತೈತಿ. ಒಂದು ಸಲ ಕಲಿತ ಕಿವಿ ಮರಿಯೂದಿಲ್ಲ. ಆಮೇಲೆ ಬಿಲ್ಲೆ ತೆಗೆದಿಟ್ಟರೂ ನಡಿತೈತಿ.”

“ಮತ್ತ ಬೈಯೋದು?”

“ಬೈಯೋ ಗರಜೇ ಇಲ್ಲಲ್ಲ!”

ಪ್ರಭುಲಿಂಗಪ್ಪ ಮಾತ್ರ ಅದನ್ನು ಅಂಟಿಸಿಕೊಳ್ಳಲಿಲ್ಲ. ಅವರ ಎದೆಯಲ್ಲಿ ಬಡಿತ ಕಾಯುವ ಯಂತ್ರವಿತ್ತು. ಒಂದೇ ಮೈಯಲ್ಲಿ ಎರಡು ಕರೆಂಟು ಬೇಡ ಎಂದಿದ್ದರು ಡಾಕ್ಟರು.

ಒಗ್ಗು ಊರು ದಾಟಿತು, ದೇಶ ದಾಟಿತು. ಯಾರಿಗೂ ಬೇಡವಾಗಿದ್ದ ಕಲಾವಿದರಿಗೆ ಕೇಳುಗರು ಸಿಕ್ಕರು. ಒಬ್ಬರ ಹಾಡನ್ನು ಇನ್ನೊಬ್ಬರು ಗೇಲಿ ಮಾಡುವುದು ನಿಂತಿತು. ಒಳ್ಳೆಯದೇ ಆಯಿತೆಂದು ಪತ್ರಿಕೆಗಳು ಬರೆದವು. ಕಟ್ಟೆಯಲ್ಲಿ ಬೈಗುಳದ ಸುತ್ತು ನಿಂತುಹೋಯಿತು. ಬೈಯಲು ಯಾರಿಗೂ ಏನೂ ಸಿಗುತ್ತಿರಲಿಲ್ಲ.

ಒಂದು ದಿನ ಖಾಸೀಮ ಸಾಹೇಬರು ಚನ್ನಮ್ಮ ಸರ್ಕಲ್ಲಿನ ನಟ್ಟನಡುವೆ ನಿಂತುಬಿಟ್ಟರು. ಹಿಂದೆ ಆಂಬುಲೆನ್ಸು ಒದರುತ್ತಿತ್ತು. “ಏನು ಏರಿಳಿತ ಅಂತೀರಿ! ಸರಿಯೋ ಮನಸ್ಸೇ ಆಗಲಿಲ್ಲ,” ಎಂದು ಮರುವಾರ ಕಟ್ಟೆಯಲ್ಲಿ ಹೇಳಿಕೊಂಡು ನಕ್ಕರು. ಉಳಿದವರೂ ನಕ್ಕರು. ಆಂಬುಲೆನ್ಸಿನೊಳಗೆ ಯಾರಿದ್ದರೋ ಎಂದು ಕೇಳಿದವರು ಪ್ರಭುಲಿಂಗಪ್ಪ ಒಬ್ಬರೇ.

ಅದಾಗಿ ಕೆಲವು ವಾರಗಳ ಮೇಲೆ, ಇಂಚರಾ ತನ್ನ ಐದು ತಿಂಗಳ ಕೂಸು ಋತಾಳನ್ನು ಕಟ್ಟೆಗೆ ಕರೆತಂದಿದ್ದಳು. ಮಗುವನ್ನು ಒಳಕೋಣೆಯ ತೊಟ್ಟಿಲಲ್ಲಿ ಮಲಗಿಸಿ ಬಂದಳು. ಸಂಗೀತ ನಡೆದಿತ್ತು. ನಡುವೆ ಮಗು ಅಳತೊಡಗಿತು. ಇಂಚರಾ ಎದ್ದು ಒಳಗೆ ಹೋದಳು. ಅಳು ನಿಲ್ಲಲಿಲ್ಲ, ಏರಿತು. ಪ್ರಭುಲಿಂಗಪ್ಪ ಸುತ್ತ ನೋಡಿದರು. ಎಲ್ಲರೂ ಸ್ಪೀಕರ್ ಬಿಟ್ಟು ಒಳಕೋಣೆಯ ಕಡೆ ಕಿವಿಗೊಟ್ಟು, ಮೆಲ್ಲಗೆ ತಲೆದೂಗುತ್ತಿದ್ದರು.

ಅವರು ಧಡಕ್ಕನೆ ಎದ್ದು ಒಳಗೆ ಹೋದರು. ಇಂಚರಾ ತೊಟ್ಟಿಲಿನ ಹಗ್ಗ ಹಿಡಿದು ನಿಂತಿದ್ದಳು. ಕಣ್ಣು ಅರೆಮುಚ್ಚಿತ್ತು. ತುಟಿಯ ಮೇಲೆ ನಗು.

“ಏ ಇಂಚರಾ! ಕೂಸು ಅಳಾಕತ್ತೈತಿ!”

“ಹೌದು ಮಾಮಾ,” ಎಂದಳು ಅವಳು ಮೆಲ್ಲಗೆ. “ಕೇಳಾಕತ್ತೇನಿ.”

ಮಗುವಿನ ಮುಖ ಕೆಂಪಾಗಿ ಕಂದಿತ್ತು. ಪ್ರಭುಲಿಂಗಪ್ಪ ಮೈಯೆಲ್ಲ ತಡವಿದರು, ಏನೂ ಸಿಗಲಿಲ್ಲ. ಕಾಲುಚೀಲ ಎಳೆದಾಗ ಮಗು ಚೀರಿತು. ಒಳಗಿನ ನೂಲೆಳೆಯೊಂದು ಕಿರುಬೆರಳಿಗೆ ಸುತ್ತಿ ಬಿಗಿದು, ಬೆರಳು ನೇರಳೆಹಣ್ಣಿನಂತಾಗಿತ್ತು. ಕನ್ನಡಕ ಹಣೆಗೇರಿಸಿ ಅವರು ಎಳೆ ಕತ್ತರಿಸಿದರು.

ಬೆರಳು ಉಳಿಯಿತು. ಅದನ್ನು ನೋಡಿದ ಮೇಲೆಯೇ ಇಂಚರಾಳಿಗೆ ಎಚ್ಚರವಾದದ್ದು. ಕಣ್ಣಿನಿಂದ ಎಚ್ಚರವಾಯಿತು, ಕಿವಿಯಿಂದಲ್ಲ. ಅವಳು ಮಗುವನ್ನು ಎತ್ತಿ ಎದೆಗವಚಿಕೊಂಡಳು.

“ಅಳು ಅಂತ ಗೊತ್ತಿತ್ತು ಮಾಮಾ. ಓಡಬೇಕು ಅನಸಲೇ ಇಲ್ಲ. ಸಂಗೀತ ಅಲ್ಲದ ಸದ್ದಿಗೆ ಒಗ್ಗು ಸುಮ್ನಿರಬೇಕಿತ್ತು, ನಾ ಹಂಗೇ ಮಾಡಿದ್ದೆ.”

“ಯಾವುದು ಸಂಗೀತ ಅಂತ ಅದಕ್ಕ ಕಲಿಸಿದವರು ಯಾರು?”

“ನಮ್ಮ ಕಟ್ಟೆ. ನೀ ಇಲ್ಲಿ ಪ್ರತಿ ಭಾನುವಾರ ಹಿಡದಿಟ್ಟ ಹಳೇ ರೆಕಾರ್ಡಿಂಗೆಲ್ಲ ಅದಕ್ಕ ಉಣಿಸಿದೆ.”

ತಗಡು, ಗಾಜು, ಹಿಮ ಎಲ್ಲ ಅದರಲ್ಲಿದ್ದವು. ಆಸ್ಪತ್ರೆಯ ಕೂಸುಗಳ ಅಳುವನ್ನೇ ಜೋಡಿಸಿ ಯಾವನೋ ಮಾಡಿದ್ದ ತುಣುಕೂ ಇತ್ತು. ಪ್ರಭುಲಿಂಗಪ್ಪನವರಿಗೆ ಆ ಭಾನುವಾರ ನೆನಪಾಯಿತು. ಬೈಗುಳದ ಸುತ್ತಿನಲ್ಲಿ ಅರ್ಧ ಕಟ್ಟೆ ಎದ್ದು ನಿಂತಿತ್ತು. “ಆ ಕೂಸನ್ನ ಎತ್ತಿಕೊಳ್ರೋ ಮೊದಲ!” ಎಂದು ಇದೇ ಖಾಸೀಮ ಸಾಹೇಬರು ಕೂಗಾಡಿದ್ದರು.

“ಆ ಬೈಗುಳಾನೂ ಉಣಿಸಿದೇನು?”

ಇಂಚರಾ ತಲೆ ತಗ್ಗಿಸಿದಳು. “ಅದು ಗದ್ದಲ ಅಂತ ಕತ್ತರಿಸಿ ಒಗದೆ.”

ಬಿಲ್ಲೆಯನ್ನು ಕಿತ್ತೆಸೆದಳು. ಏನೂ ಬದಲಾಗಲಿಲ್ಲ. ಕಲಿತ ಕಿವಿ ಮರೆಯುವುದಿಲ್ಲವೆಂದು ಅವಳೇ ಹೇಳಿದ್ದಳಲ್ಲ. ಒಗ್ಗು ಬಳಸಿದವರಿಗೆಲ್ಲ ಎಚ್ಚರಿಕೆ ಕಳಿಸಿದಳು. ಬಂದ ಉತ್ತರಗಳೆಲ್ಲ ಮೆಚ್ಚಿಗೆಯವು. ತಾಯಿಯೊಬ್ಬಳು ಬರೆದಿದ್ದಳು: ನಮ್ಮ ಮನೆಯಲ್ಲೂ ಮಗು ತುಂಬ ಚೆನ್ನಾಗಿ ಅಳುತ್ತದೆ.

ಅಂದಿನಿಂದ ಇಂಚರಾ ಮಗುವನ್ನು ಕಣ್ಣಿಂದ ಕಾಯತೊಡಗಿದಳು. ಮಾಮಾ ತಮ್ಮ ಹಾಸಿಗೆಯನ್ನು ಅವಳ ಮನೆಗೇ ತಂದರು.

“ನಿನ್ನೊಬ್ಬಾಕಿ ತಪ್ಪಲ್ಲವಾ,” ಎಂದರು ಒಂದು ದಿನ. “ನಾ ಹುಡುಗ ಇದ್ದಾಗ ನಮ್ಮ ಕೈಯಾಗ ಫೋನು ಇರತಿದ್ದವು. ಸೇರದ ಹಾಡು ಬಂತಂದ್ರ ಬೆರಳಲೆ ಹಿಂಗ ಸರಿಸಿಬಿಡತಿದ್ವಿ. ಆಮೇಲೆ ಸರಿಸೋ ಕೆಲಸಾನೂ ಉಳೀಲಿಲ್ಲ. ನಮಗ ಸೇರೋದನ್ನಷ್ಟ ಅದೇ ಹಾಕತಿತ್ತು. ಕಿರಿಕಿರಿ ಯಾಕ ಬೇಕು ಅಂತ ಆವಾಗ ನಮಗೂ ತಿಳೀಲಿಲ್ಲ. ತಿಳಿದ ಮೇಲೆ ಈ ಕಟ್ಟೆ ಕಟ್ಟಿದ್ದೆ. ನಿನಗೂ ಅದನ್ನ ಹೇಳಲಿಲ್ಲ ನೋಡು.”

ಇಂಚರಾ ಬೆರಳು ಮಡಿಸಿ ದಿನ ಎಣಿಸಿದಳು. “ಮಾಮಾ, ಋತಾ ಕಡೇ ಸಲ ಅತ್ತದ್ದು ಯಾವಾಗ?”

ಇಬ್ಬರೂ ತೊಟ್ಟಿಲು ನೋಡಿದರು. ಮಗು ಎದ್ದಿತ್ತು. ಬಟ್ಟೆ ಒದ್ದೆಯಾಗಿತ್ತು, ಹಸಿವೆಗೆ ಮುಷ್ಟಿ ಚೀಪಿ ಚೀಪಿ ಕೆಂಪಾಗಿತ್ತು. ಸದ್ದಿರಲಿಲ್ಲ.

ಪ್ರಭುಲಿಂಗಪ್ಪ ತೊಟ್ಟಿಲ ಮೇಲೆ ಬಾಗಿದರು. “ಬೈ ನಮ್ಮವ್ವಾ,” ಎಂದರು. “ಒಂದು ಸಲ ಬೈದುಬಿಡು. ನಾ ಅದೀನಿ, ಕೇಳತೀನಿ.”

ಮಗುವಿನ ತುಟಿ ನಡುಗಿತು, ಬಾಯಿ ತೆರೆಯಿತು. ಆಗ ಅದರ ಕಣ್ಣು ತಾಯಿಯ ಮುಖದತ್ತ ಹೊರಳಿತು. ಆ ತುಟಿಯ ಮೇಲೆ, ಅವಳಿಗೇ ಅರಿವಿಲ್ಲದೆ, ಆವತ್ತಿನದೇ ನಗು ಮೂಡುತ್ತಿತ್ತು. ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಅದು ಮೆಲ್ಲಗೆ ಬಾಯಿ ಮುಚ್ಚಿಕೊಂಡಿತು.