ಏಳು ಕಟ್ಟು, ಏಳು ಲಾಡಿ

ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಅರ್ಥಶಾಸ್ತ್ರ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಪ್ರೊಫೆಸರ್ ಠಾಣೆಗೆ ಬಂದು ದೂರು ಕೊಟ್ಟರು. ಮಧ್ಯಾಹ್ನ ಮೂರೂವರೆ ಸುಮಾರಿಗೆ ಕೇಂದ್ರದ ಎರಡನೇ ಮಹಡಿಯ ದಾಖಲೆ ಕೊಠಡಿಗೆ ಬೆಂಕಿ ಬಿದ್ದಿತ್ತು. ಏಳು ಕಟ್ಟು ಸಮೀಕ್ಷಾ ನಮೂನೆಗಳು ಬೂದಿಯಾಗಿದ್ದವು. ಕಾವಲುಗಾರ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ. ಅವನ ಜೇಬಿನಲ್ಲಿ ಸಿಗರೇಟ್ ಪ್ಯಾಕೆಟ್ ಸಿಕ್ಕಿದ್ದರಿಂದ ಅವನ ನಿರ್ಲಕ್ಷ್ಯವೇ ಬೆಂಕಿಗೆ ಕಾರಣ ಎಂದು ದೂರಿನ ಕೊನೆಯ ಸಾಲು ಹೇಳುತ್ತಿತ್ತು.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು. ಪ್ರೊಫೆಸರ್ ಟೈಪ್ ಮಾಡಿಸಿಕೊಂಡೇ ಬಂದಿದ್ದರು.

"ಅವನು ಸಿಗರೇಟ್ ಸೇದಿದ್ದನ್ನ ಯಾರು ನೋಡಿದ್ರು?"

"ನೋಡೋದೇನಿದೆ? ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ."

"ನೀವು?"

"ಎರಡು ಗಂಟೆಗೇ ಹೊರಟೆ. ಶನಿವಾರ ಅರ್ಧ ದಿನ."

ದೂರಿನಲ್ಲಿ ಹೆಸರಿದ್ದ ಮೇಲೆ ಬೇರೆ ದಾರಿಯಿರಲಿಲ್ಲ. ಐದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಕಾವಲುಗಾರನ ಹೆಸರು ಹೋಯಿತು.

ಆರು ಗಂಟೆ ಐದು ನಿಮಿಷಕ್ಕೆ ಪಂಚನಾಮೆ ಶುರುವಾಯಿತು. ಬರೆಯುವವನು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷಗಳ ಸರ್ವಿಸ್‌ನಲ್ಲಿ ಠಾಣೆಯವರಿಗೆಲ್ಲ ಅವನು ಮಾವ ಆಗಿದ್ದ. ಲಾಕಪ್ಪಿನಲ್ಲಿರುವವರೂ ಹಾಗೇ ಕರೆಯುತ್ತಿದ್ದರು. ಕೊಠಡಿ ಹನ್ನೆರಡು ಅಡಿಗೆ ಹದಿನೆಂಟು. ಬಾಗಿಲ ಪಕ್ಕದಲ್ಲೇ ಕಟ್ಟಡದ ಹಿಂಭಾಗಕ್ಕೆ ಇಳಿಯುವ ಮೆಟ್ಟಿಲು. ಕಬ್ಬಿಣದ ರ್‍ಯಾಕುಗಳ ನಡುವಿನ ನೆಲದ ಮೇಲೆ ಬೂದಿಯ ದೊಡ್ಡ ರಾಶಿ. ಕಪಾಟಿನಲ್ಲಿದ್ದ ಉಳಿದ ಕಟ್ಟುಗಳ ಅಂಚು ಹೊಗೆಗೆ ಹಳದಿಯಾಗಿತ್ತು, ಅಷ್ಟೇ.

"ಕಟ್ಟಿದ ಕಾಗದ ಅಷ್ಟು ಸುಲಭಕ್ಕೆ ಉರಿಯಲ್ಲ ಮೇಡಂ," ಎಂದ ಮಾವ. "ನಮ್ಮ ಹಳೇ ಠಾಣೆ ಸುಟ್ಟಾಗ ಫೈಲುಗಳ ಅಂಚು ಕರಕಲಾಯ್ತು, ಹೊಟ್ಟೆ ಹಾಗೇ ಇತ್ತು. ಇದನ್ನ ಯಾರೋ ಬಿಚ್ಚಿ, ಹಾಳೆ ಹಾಳೆ ಹರಡಿದ್ದಾರೆ."

"ಕಟ್ಟಿದ್ದು ಯಾವುದರಲ್ಲಿ?"

"ಬಿಳಿ ಲಾಡಿ. ಮಿಕ್ಕಿದ್ದಕ್ಕೆಲ್ಲ ಇದೆ ನೋಡಿ."

ಬೂದಿಯಲ್ಲಿ ಲಾಡಿಯ ಒಂದು ಎಳೆಯೂ ಇರಲಿಲ್ಲ. ಇನ್ಸ್‌ಪೆಕ್ಟರ್ ಮೂಲೆಯಲ್ಲಿದ್ದ ಮೇಜಿನ ಡ್ರಾಯರ್ ಎಳೆದಳು. ಒಳಗೆ ಏಳು ಲಾಡಿಗಳು, ಒಂದೊಂದೂ ಬಸವನ ಹುಳುವಿನ ಚಿಪ್ಪಿನಂತೆ ಸಣ್ಣದಾಗಿ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಯಾರೋ ಸಾಲಾಗಿ ಇಟ್ಟಿದ್ದರು.

ಮಾವ ಪೆನ್ನು ಎತ್ತಿ ಹಿಡಿದ. "ಬೆಂಕಿ ಹಚ್ಚೋಕೆ ಬಂದವರು ಲಾಡಿ ಸುತ್ತಿಡ್ತಾರಾ?"

"ಇಟ್ಟಿದ್ದಾರಲ್ಲ. ಬರ್ಕೊ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆ. ಕಾವಲುಗಾರನ ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿದ್ದವು. ಹೆಂಡತಿ ಸ್ಟೂಲಿನ ಮೇಲೆ ಕುಳಿತು ಅವನ ಬಾಯಿಗೆ ಚಮಚದಲ್ಲಿ ನೀರು ಹಾಕುತ್ತಿದ್ದಳು.

"ವಯಸ್ಸು?" ಮಾವ ಕಾಗದ ತೆಗೆದ.

"ಐವತ್ತು."

"ಮೊಮ್ಮಗ ಹುಟ್ಟಿದಾಗ್ಲೂ ಐವತ್ತೇ ಅಂದಿದ್ರು," ಎಂದಳು ಹೆಂಡತಿ. "ಅವನೀಗ ಶಾಲೆಗೆ ಹೋಗ್ತಾನೆ."

"ಇರ್ಲಿ ಬಿಡಮ್ಮ. ನಮ್ಮ ಸೈಕಲ್ ಕಳ್ಳ ಒಂಬತ್ತು ವರ್ಷದಿಂದ ಮೂವತ್ತೈದು ದಾಟಿಲ್ಲ."

ಇನ್ಸ್‌ಪೆಕ್ಟರ್ ಮಂಚದ ಹತ್ತಿರ ಬಂದಳು. "ಶನಿವಾರ ಮಧ್ಯಾಹ್ನ ನೀವಲ್ಲದೆ ಯಾರಾದ್ರೂ..."

"ಯಾರೂ ಇರ್ಲಿಲ್ಲ ಮೇಡಂ."

"ಪ್ರಶ್ನೆ ಮುಗಿಸ್ತೀನಿ ಇರಿ. ಸಿಗರೇಟ್?"

"ಜೇಬಲ್ಲಿತ್ತು. ಸೇದಿಲ್ಲ."

"ಬಾಗಿಲು ಯಾರು ತೆಗೆದ್ರು?"

"ಹೊಗೆ ಬಂತು, ನಾನೇ ಹೋದೆ."

"ಕಾಗದ ಉಳಿಸೋಕೆ ಎರಡು ಕೈ ಸುಟ್ಕೊಂಡ್ರಾ?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಹೆಂಡತಿ ಬಾಗಿಲವರೆಗೆ ಹಿಂದೆ ಬಂದಳು. "ಅವರದೇ ತಪ್ಪು ಅಂತಾದ್ರೆ ಕೆಲಸ ಹೋಗುತ್ತೆ, ಆಸ್ಪತ್ರೆ ಖರ್ಚೂ ಕೇಂದ್ರ ಕೊಡಲ್ಲ ಅಂತ ಪ್ರೊಫೆಸರ್ ಹೇಳಿ ಕಳ್ಸಿದ್ದಾರೆ. ಈ ಕೈ ನೋಡಿ ಇನ್ಯಾರು ಕೆಲಸ ಕೊಡ್ತಾರಮ್ಮ?"

ಇನ್ಸ್‌ಪೆಕ್ಟರ್ ಜೀಪಿನ ಕಡೆ ನಡೆದಳು. ಕಾವಲುಗಾರನ ಹೆಸರನ್ನು ಆರೋಪಿಯ ಕಾಲಂನಲ್ಲಿ ಬರೆಸಿದವಳು ತಾನೇ ಎಂಬುದು ಜೀಪು ಹತ್ತಿದ ಮೇಲೂ ಅವಳನ್ನು ಬಿಡಲಿಲ್ಲ.

ಸೋಮವಾರ ಒಂಬತ್ತೂವರೆಗೆ ಪ್ರೊಫೆಸರ್ ತಮ್ಮ ಕೋಣೆಯಲ್ಲಿ ಅಧ್ಯಯನವನ್ನು ವಿವರಿಸಿದರು. ಏಷ್ಯಾದ ಆರು ದೇಶಗಳಲ್ಲಿ, ಮನೆಯವರೇ ನಡೆಸುವ ಸಣ್ಣ ಕಾರ್ಖಾನೆಗಳು ಎಷ್ಟು ಕಾಲ ಬಾಳುತ್ತವೆ ಎಂಬುದು ವಿಷಯ. ಈ ಊರಿನ ಪಾಲು ಅವರದು. ಐದು ವರ್ಷದ ಹಿಂದೆ ಮುನ್ನೂರ ಮೂವತ್ತು ಮಾಲೀಕರನ್ನು ಪ್ರಶ್ನೆ ಕೇಳಲಾಗಿತ್ತು. ಮೂರು ವರ್ಷ ಬಿಟ್ಟು ಅದೇ ಬಾಗಿಲುಗಳನ್ನು ಮತ್ತೆ ತಟ್ಟಲಾಗಿತ್ತು. ಮುನ್ನೂರ ಇಪ್ಪತ್ತು ನಡೆಯುತ್ತಿದ್ದವು.

"ನೂರಕ್ಕೆ ತೊಂಬತ್ತೇಳು," ಎಂದರು ಪ್ರೊಫೆಸರ್. "ಆರು ದೇಶಗಳಲ್ಲಿ ನಮ್ಮದೇ ಹೆಚ್ಚು. ಮನೆತನದ ಉದ್ಯಮಕ್ಕೆ ಹೊರಗಿನ ಆಸರೆ ಬೇಕಾಗಿಲ್ಲ ಅನ್ನೋದು ನಮ್ಮ ಲೇಖನದ ಸಾರ."

"ಸುಟ್ಟಿದ್ದು ಯಾವ ಕಟ್ಟುಗಳು?"

"ಎರಡನೇ ಸುತ್ತಿನವು. ಹದಿನಾಲ್ಕರಿಂದ ಇಪ್ಪತ್ತು. ಅಂಕಿಗಳೆಲ್ಲ ಕಂಪ್ಯೂಟರಿನಲ್ಲಿವೆ, ಚಿಂತೆ ಇಲ್ಲ."

"ಕಂಪ್ಯೂಟರಿನಲ್ಲಿ ಇಲ್ಲದ್ದು ಕಾಗದದಲ್ಲಿ ಏನಿತ್ತು?"

ಪ್ರೊಫೆಸರ್ ಕನ್ನಡಕ ಸರಿಪಡಿಸಿಕೊಂಡರು. "ಮಾಲೀಕರ ಸಹಿ. ಹೊರದೇಶದ ಸಹಸಂಶೋಧಕರು ಈ ವಾರ ಮೂಲಪ್ರತಿ ನೋಡೋಕೆ ಬರೋರಿದ್ದರು. ದುರದೃಷ್ಟ."

ಕೊಠಡಿಗೆ ಮೂರು ಬೀಗದ ಕೈಗಳಿದ್ದವು: ಒಂದು ಪ್ರೊಫೆಸರ್ ಬಳಿ, ಒಂದು ಕಾವಲುಗಾರನ ಬಳಿ, ಮೂರನೆಯದು ಸಮೀಕ್ಷೆಯ ಸಂದರ್ಶಕಿಯ ಬಳಿ. ಎರಡನೇ ಸುತ್ತಿನಲ್ಲಿ ಬಾಗಿಲು ಬಾಗಿಲು ತಿರುಗಿದವಳು ಅವಳೊಬ್ಬಳೇ. ಹನ್ನೊಂದು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಅವಳನ್ನು ಕೇಂದ್ರದವರೆಲ್ಲ ಸರ್ವೆ ಅಕ್ಕ ಎನ್ನುತ್ತಿದ್ದರು.

"ಶನಿವಾರ ಎಷ್ಟು ಗಂಟೆಗೆ ಹೋದ್ರಿ?"

"ಎರಡಕ್ಕೆ."

"ಮತ್ತೆ ಬಂದ್ರಾ?"

"ಇಲ್ಲ." ಅವಳೇ ತಿರುಗಿ ಕೇಳಿದಳು, "ಅವನ ಕೈ ಹೇಗಿದೆ?"

ಮಧ್ಯಾಹ್ನ ಎರಡಕ್ಕೆ ಠಾಣೆಯ ಮೇಜಿನ ಮೇಲೆ ಎರಡೂ ಸುತ್ತಿನ ಪಟ್ಟಿಗಳು ಬಂದವು. ಒಂದು ಕಾರ್ಖಾನೆಗೆ ಒಂದು ಸಂಖ್ಯೆ, ಎರಡೂ ಸುತ್ತಿಗೆ ಅದೇ. ಎರಡನೇ ಸುತ್ತಿನ ಮೊದಲ ಹದಿಮೂರು ಕಟ್ಟು ತುಂಬಲು ಎಂಟು ತಿಂಗಳು ಹಿಡಿದಿತ್ತು, ಕೊನೆಯ ಏಳಕ್ಕೆ ಹತ್ತೊಂಬತ್ತು ದಿನ. ಮಾವ ಮಾಲೀಕರ ವಯಸ್ಸನ್ನು ಜೋಡಿ ಜೋಡಿಯಾಗಿ ಓದುತ್ತ ಹೋದ. ಆಗ ನಲವತ್ತು, ಮೂರು ವರ್ಷ ಬಿಟ್ಟು ನಲವತ್ತು. ಆಗ ನಲವತ್ತೈದು, ಆಮೇಲೆ ಐವತ್ತು. ಒಬ್ಬ ಅರವತ್ತರಿಂದ ಐವತ್ತೈದಕ್ಕೆ ಇಳಿದಿದ್ದ.

"ನೋಡಿ, ಇವನು ಪುಣ್ಯವಂತ."

ಹದಿನಾಲ್ಕನೇ ಕಟ್ಟಿಗೆ ಬಂದಾಗ ಮಾವನ ದನಿ ನಿಧಾನವಾಯಿತು. "ನಲವತ್ತು, ನಲವತ್ತಮೂರು. ನಲವತ್ತೈದು, ನಲವತ್ತೆಂಟು. ಐವತ್ತು, ಐವತ್ತಮೂರು." ಪುಟ ತಿರುವಿದ. "ಮೇಡಂ, ಇವರೆಲ್ಲ ಸರಿಯಾಗಿ ಮೂರು ವರ್ಷ ದೊಡ್ಡವರಾಗಿದ್ದಾರೆ."

"ಎಲ್ಲರೂ?"

"ನೂರ ಹನ್ನೆರಡು ಜನಾನೂ. ಇಷ್ಟು ವರ್ಷ ಹೇಳಿಕೆ ಬರ್ದಿದ್ದೀನಿ, ಲೆಕ್ಕ ಇಟ್ಟು ವಯಸ್ಸು ಹೇಳೋ ಜನ ಬೆರಳೆಣಿಕೆ. ಇದು ಬಾಯಲ್ಲಿ ಕೇಳಿ ಬರ್ದಿದ್ದಲ್ಲ. ಯಾರೋ ಕೂತು ಕೂಡಿಸಿದ್ದು."

ಮೊದಲ ಸುತ್ತಿನ ನಮೂನೆಗಳು ಬೇರೆ ರ್‍ಯಾಕಿನಲ್ಲಿ ಸುರಕ್ಷಿತವಾಗಿದ್ದವು. ಅವುಗಳಲ್ಲಿ ವಿಳಾಸವಿತ್ತು. ಮಂಗಳವಾರ ಬೆಳಿಗ್ಗೆ ಇಬ್ಬರೂ ಆ ನೂರ ಹನ್ನೆರಡರಲ್ಲಿ ಹನ್ನೊಂದು ವಿಳಾಸಗಳಿಗೆ ಹೋದರು. ಇನ್ನೂರ ಎಪ್ಪತ್ತೊಂದನೇ ಸಂಖ್ಯೆ ಒಂದು ಮುದ್ರಣಾಲಯ. ಅಲ್ಲೀಗ ಟಯರ್ ಅಂಗಡಿಯಿತ್ತು. ನೆಲದಲ್ಲಿ ಯಂತ್ರ ಕೂರಿಸಿದ್ದ ನಾಲ್ಕು ಬೋಲ್ಟುಗಳು ಮಾತ್ರ ಉಳಿದಿದ್ದವು.

"ಪ್ರೆಸ್ಸಿನ ಅಣ್ಣ ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲ," ಎಂದ ಪಕ್ಕದ ದರ್ಜಿ. "ಮಕ್ಕಳು ಯಂತ್ರಾನ ತೂಕಕ್ಕೆ ಹಾಕಿದ್ರು."

ಇನ್ಸ್‌ಪೆಕ್ಟರ್ ಪಟ್ಟಿ ನೋಡಿದಳು. ಎರಡು ವರ್ಷದ ಹಿಂದಿನ ಉತ್ತರ: ಮಾಲೀಕನ ವಯಸ್ಸು ಐವತ್ತೆಂಟು. ಹೊಸ ಯಂತ್ರ ಕೊಳ್ಳುವ ಯೋಚನೆ ಇದೆ. ಮುಂದೆ ಹಿರಿಯ ಮಗ ನಡೆಸುತ್ತಾನೆ.

ಹನ್ನೊಂದರಲ್ಲಿ ಹನ್ನೊಂದೂ ಮುಚ್ಚಿದ್ದವು.

ಬುಧವಾರ ಕೇಂದ್ರದ ಪತ್ರವ್ಯವಹಾರದ ಫೈಲಿನಲ್ಲಿ ಒಂದು ಹಾಳೆ ಸಿಕ್ಕಿತು. ಸರ್ವೆ ಅಕ್ಕನ ಅಕ್ಷರ: ನೂರ ಇಪ್ಪತ್ತೆರಡು ಕಡೆ ಬಾಗಿಲು ಮುಚ್ಚಿದೆ, ವಿಳಾಸಗಳ ಪಟ್ಟಿ ಲಗತ್ತಿಸಿದೆ. ಕೆಳಗೆ ಹಸಿರು ಶಾಯಿಯಲ್ಲಿ ಪ್ರೊಫೆಸರ್ ಷರಾ: "ಇನ್ನೊಮ್ಮೆ ಪ್ರಯತ್ನಿಸಿ. ನಮೂನೆಗಳು ಪೂರ್ತಿಯಾಗದೆ ಗುತ್ತಿಗೆ ಮುಂದುವರಿಸಲಾಗದು." ಕೊನೆಯ ಏಳು ಕಟ್ಟು ಶುರುವಾದದ್ದು ಅದರ ಮರುದಿನ.

"ನಾನು ಸುಳ್ಳು ಬರಿ ಅಂದೆನಾ?" ಎಂದರು ಪ್ರೊಫೆಸರ್. "ಪೂರ್ತಿ ಮಾಡಿ ಅಂದೆ."

"ಹತ್ತೊಂಬತ್ತು ದಿನದಲ್ಲಿ ನೂರ ಹನ್ನೆರಡು ಬಾಗಿಲು ತೆರೆದಾಗ ಅನುಮಾನ ಬರಲಿಲ್ವಾ?"

"ಅವಳು ಚುರುಕು ಅಂದ್ಕೊಂಡೆ."

ಸುಳ್ಳು ಬಯಲಾದರೆ ಇಬ್ಬರಿಗೂ ನಷ್ಟ. ಬೀಗದ ಕೈ ಇಬ್ಬರ ಬಳಿಯೂ ಇತ್ತು. ಇನ್ಸ್‌ಪೆಕ್ಟರ್ ಕಪಾಟಿನಿಂದ ಒಂದು ಕಟ್ಟು ತರಿಸಿ ಪ್ರೊಫೆಸರ್ ಮುಂದಿಟ್ಟಳು. "ಬಿಚ್ಚಿ, ಒಂದು ನಮೂನೆ ತೋರಿಸಿ." ಅವರು ಗಂಟನ್ನು ಎರಡು ಸಲ ಎಳೆದು, ಅದು ಬಿಗಿಯಾದಾಗ ಕತ್ತರಿಗೆ ಕೈಚಾಚಿದರು.

ಇನ್ನೊಂದು ಕಟ್ಟನ್ನು ಸರ್ವೆ ಅಕ್ಕನ ಮೇಜಿನ ಮೇಲಿಟ್ಟಳು. ಅವಳು ನೋಡದೆಯೇ ಗಂಟು ಸಡಿಲಿಸಿದಳು, ಲಾಡಿಯನ್ನು ಎರಡು ಬೆರಳಿಗೆ ಸುತ್ತಿ, ತುದಿ ಒಳಕ್ಕೆ ಸಿಕ್ಕಿಸಿ, ಡ್ರಾಯರ್ ಎಳೆದು ಒಳಗಿಟ್ಟಳು. ಆಮೇಲೆ ತಲೆಯೆತ್ತಿದಳು. ಮಾವ ಅವಳ ಕೈಯನ್ನೇ ನೋಡುತ್ತಿದ್ದ.

ಇಷ್ಟು ಸಾಲದೆಂದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಲಾಡಿ ಸುತ್ತುವುದು ಅಪರಾಧವಲ್ಲ. ಶನಿವಾರ ಅವಳನ್ನು ಕಂಡವರು ಬೇಕು.

ಮೂರು ಗಂಟೆಗೆ ಮತ್ತೆ ಆಸ್ಪತ್ರೆ. ಕಾವಲುಗಾರನಿಗೆ ಜ್ವರ ಏರಿ ಎಡಗೈಯ ಎರಡು ಬೆರಳು ತೆಗೆಯಲು ಒಳಗೆ ಕರೆದೊಯ್ದಿದ್ದರು. ಹೆಂಡತಿ ಹೊರಗಿನ ಬೆಂಚಿನ ಮೇಲಿದ್ದಳು.

"ಅವರು ಬಾಯಿ ಬಿಡದಿದ್ರೆ ಈ ಕೇಸು ಅವರ ತಲೆ ಮೇಲೇ ಉಳಿಯುತ್ತೆ," ಎಂದಳು ಇನ್ಸ್‌ಪೆಕ್ಟರ್. "ಅವರು ಒಳಗೆ ನುಗ್ಗಿದ್ದು ಕಾಗದಕ್ಕಾ?"

ಹೆಂಡತಿ ಸೆರಗಿನ ತುದಿಯನ್ನು ತುಂಬ ಹೊತ್ತು ಮಡಚಿದಳು. "ಎರಡು ದಿನದಿಂದ ಜ್ವರದಲ್ಲಿ ಒಂದೇ ಮಾತು ಅಮ್ಮ. ಅಕ್ಕ ಒಳಗಿದ್ದಾಳೆ, ಅಕ್ಕ ಒಳಗಿದ್ದಾಳೆ. ನಂಗೆ ಅಕ್ಕ ಅಂದ್ರೆ ಯಾರು ಅಂತ ಗೊತ್ತು. ಹೇಳಬೇಡ ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ರು."

ನಾಲ್ಕು ಇಪ್ಪತ್ತಕ್ಕೆ ಸರ್ವೆ ಅಕ್ಕ ಠಾಣೆಯ ಕುರ್ಚಿಯಲ್ಲಿ ಕುಳಿತಿದ್ದಳು. ಮಾವ ನೀರಿನ ಲೋಟ ಇಟ್ಟ.

"ಶನಿವಾರ ವಾಪಸ್ ಬಂದಿರಿ."

"ಇಲ್ಲ ಅಂದ್ನಲ್ಲ."

"ಕಾವಲುಗಾರ ಏನು ಉಳಿಸೋಕೆ ಒಳಗೆ ಹೋದ ಅಂದ್ಕೊಂಡಿದ್ದೀರಿ?"

"ಕಾಗದ. ಅವನಿಗೆ ಜವಾಬ್ದಾರಿ ಜಾಸ್ತಿ."

"ನೀವು ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗಿದ್ದು ಅವನಿಗೆ ಗೊತ್ತಿರಲಿಲ್ಲ. ನೀವು ಒಳಗೇ ಇದ್ದೀರಿ ಅಂದ್ಕೊಂಡ. ಹುಡುಕೋಕೆ ಹೋದ."

ಅವಳು ಲೋಟಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. 

"ಕನ್ನಡಕ ಮರ್ತಿದ್ದೀನಿ, ರಿಜಿಸ್ಟರಲ್ಲಿ ಬರೀಬೇಡಪ್ಪ ಅಂದೆ," ಎಂದಳು ಕೊನೆಗೆ. "ಹೂಂ ಅಕ್ಕ ಅಂದ. ಅವನು ಗೇಟ್ ಬಿಟ್ಟು ಬರಲ್ಲ ಅಂತ ನಂಬಿದ್ದೆ."

ಐದು ಗಂಟೆ ಐದು ನಿಮಿಷಕ್ಕೆ ಅವಳ ಬಂಧನವಾಯಿತು. ಹೇಳಿಕೆ ಆರು ಪುಟ ಬಂತು. ಮುಚ್ಚಿದ ಬಾಗಿಲುಗಳಿಗೆ ಅವಳು ಮೂರು ಮೂರು ಸಲ ಹೋಗಿದ್ದಳು. ಹತ್ತು ಮುಚ್ಚಿವೆ ಎಂಬುದನ್ನು ಮಾತ್ರ ಪ್ರೊಫೆಸರ್ ಒಪ್ಪಿಕೊಂಡಿದ್ದರು. ಉಳಿದವರನ್ನು ಅವಳು ಹೆಚ್ಚುಕಡಿಮೆ ಹೆಸರು ಹಿಡಿದು ಬಲ್ಲಳು. ಮೊದಲ ಸುತ್ತಿನಲ್ಲಿ ಅವರ ಅಂಗಳದಲ್ಲಿ ಕುಳಿತು ಚಹಾ ಕುಡಿದಿದ್ದಳು. ಬಾಡಿಗೆಯ ಕೋಣೆ, ಹಾಸಿಗೆ ಹಿಡಿದ ತಾಯಿ, ಮುಗಿಯುತ್ತಿದ್ದ ಹನ್ನೊಂದು ತಿಂಗಳು ಒಂದು ಕಡೆ, ಮುಚ್ಚಿದ ಬಾಗಿಲುಗಳು ಇನ್ನೊಂದು ಕಡೆ. ಹತ್ತೊಂಬತ್ತು ದಿನ ಮೇಜಿನ ಮುಂದೆ ಕುಳಿತು ಒಬ್ಬೊಬ್ಬರ ಅಂಗಡಿಯನ್ನೂ ಮತ್ತೆ ತೆರೆದಳು. ಯಾರಿಗೂ ನಷ್ಟ ಬರೆಯಲಿಲ್ಲ. ವಯಸ್ಸಿನಲ್ಲಿ ಮಾತ್ರ ತಪ್ಪಬಾರದೆಂದು ಎರಡೆರಡು ಸಲ ಕೂಡಿಸಿ ನೋಡಿದ್ದಳು. ಸಹಿಗಳನ್ನೂ ತಾನೇ ಹಾಕಿದ್ದಳು, ಅವನ್ನು ನೋಡಲು ಹೊರದೇಶದವರು ಬರುತ್ತಾರೆಂದು ತಿಳಿದ ಮೇಲೆ ಆ ಏಳು ಕಟ್ಟು ಸುಟ್ಟಳು. ಬರೆದದ್ದಕ್ಕೆ ಅಲ್ಲ, ಆ ಲೇಖನ ಓದಿದ ದಿನ ತನಗೆ ಹೆದರಿಕೆಯಾದದ್ದು ಎಂದಳು: ಇಂಥ ಅಂಗಡಿಗಳಿಗೆ ಆಸರೆ ಬೇಕಾಗಿಲ್ಲ ಎಂದು ಅದರಲ್ಲಿತ್ತು.

"ಪ್ರೊಫೆಸರ್ ಮೇಲೆ ಯಾವ ಸೆಕ್ಷನ್ ಹಾಕೋದು ಮೇಡಂ?" ಎಂದು ಮಾವ ಕೇಳಿದ.

ಇನ್ಸ್‌ಪೆಕ್ಟರ್ ಹಸಿರು ಶಾಯಿಯ ಷರಾವನ್ನು ಮತ್ತೊಮ್ಮೆ ಓದಿದಳು. ಇನ್ನೊಮ್ಮೆ ಪ್ರಯತ್ನಿಸಿ ಎಂದು ಬರೆಯುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಅವಳು ಹಾಳೆಯನ್ನು ಪುರಾವೆಗಳ ಜೊತೆ ಸೇರಿಸಿ, ಕಾವಲುಗಾರನನ್ನು ಆರೋಪಿಯ ಕಾಲಂನಿಂದ ಕೈಬಿಟ್ಟು ಮೊದಲನೇ ಸಾಕ್ಷಿ ಎಂದು ನ್ಯಾಯಾಲಯಕ್ಕೆ ವರದಿ ಬರೆದಳು. ಅದರ ಒಂದು ಪ್ರತಿ ಕೇಂದ್ರಕ್ಕೂ ಹೋಯಿತು.

ಮರು ತಿಂಗಳ ಒಂದನೇ ತಾರೀಖು ಕಾವಲುಗಾರ ಕೆಲಸಕ್ಕೆ ಮರಳಿದ. ಅಂದೇ ಬೆಳಿಗ್ಗೆ ಪ್ರೊಫೆಸರ್ ಅವನ ಕೈಗೆ ಒಂದು ಪ್ರಕಟಣೆ ಕೊಟ್ಟರು: ಸಂದರ್ಶಕಿ ಬೇಕಾಗಿದ್ದಾರೆ, ಒಂದು ಹುದ್ದೆ, ಹನ್ನೊಂದು ತಿಂಗಳು, ತಾತ್ಕಾಲಿಕ. ಅವನು ಎಡ ಮಣಿಕಟ್ಟಿನಿಂದ ಕಾಗದವನ್ನು ಗೇಟಿಗೆ ಒತ್ತಿ ಹಿಡಿದು, ಬಲಗೈಯಿಂದ ನಾಲ್ಕೂ ಮೂಲೆಗೆ ಅಂಟು ಹಚ್ಚಿದ.